ದಾರಿಯ ಹಕ್ಕು

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಖಾಲಾ ಒಂದು ಮಧ್ಯಾಹ್ನ ಕೆಟ್ಟುಹೋದ ಮಿಕ್ಸಿಯನ್ನು ಚೀಲದಲ್ಲಿ ಹಾಕಿಕೊಂಡು ರಿಪೇರಿ ಅಂಗಡಿಗೆ ಹೊರಟಿದ್ದರು. ಜೊತೆಗೆ ಸೊಸೆಯೂ ಇದ್ದಳು. ಇಬ್ಬರೂ ಬುರ್ಖಾದಲ್ಲಿದ್ದರು. ಅವರು ರಸ್ತೆ ದಾಟುವಾಗ ಯಾರೋ ಫೋಟೊ ತೆಗೆದಿರಬೇಕು. ಇವರಿಗೆ ಅದು ಗೊತ್ತಾಗಲಿಲ್ಲ. ಎಷ್ಟೋ ತಿಂಗಳ ಮೇಲೆ ಆ ಚಿತ್ರ ಒಂದು ಪತ್ರಿಕೆಯಲ್ಲಿ ತಲಾಖ್ ಕುರಿತ ಲೇಖನದ ನಡುವೆ ಅಚ್ಚಾಗಿತ್ತು. ಮುಖ ಕಾಣದ ಆ ಚಿತ್ರದಲ್ಲಿ ಖಾಲಾ ತಮ್ಮನ್ನು ಗುರುತಿಸಿಕೊಂಡದ್ದು ಚೀಲದಿಂದ. ಮೊಮ್ಮಗನ ಹಳೆಯ ಯೂನಿಫಾರಂ ಬಟ್ಟೆಯಲ್ಲಿ ತಾವೇ ಹೊಲಿದ ಚೀಲ ಅದು. "ನಲವತ್ತು ವರ್ಷದಿಂದ ನಿನ್ನ ಖಾಲೂ ಜೊತೆ ಸಂಸಾರ ಮಾಡ್ತಿದ್ದೀನಿ, ನನಗೆ ಯಾವಾಗಪ್ಪ ತಲಾಖ್ ಆಯ್ತು?" ಎಂದು ಮೊದಲು ನಕ್ಕರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಂದು ಮಾತು ಕೇಳಿದ್ರೆ ಹೇಳ್ತಿದ್ದೆ, ಮಿಕ್ಸಿ ರಿಪೇರಿಗೆ ಹೋಗ್ತಿದ್ದೀನಿ ಅಂತ" ಎಂದರು.

ಆ ಫೋಟೊದಲ್ಲಿ ಸುಳ್ಳೇನೂ ಇರಲಿಲ್ಲ. ಯಾರೂ ಯಾರನ್ನೂ ನಿಲ್ಲಿಸಿರಲಿಲ್ಲ, ಯಾರೂ ಪೋಸು ಕೊಟ್ಟಿರಲಿಲ್ಲ. ಬಲ್ಲವರು ಹೇಳುವ ಪ್ರಕಾರ ಬೀದಿಯ ಛಾಯಾಚಿತ್ರಕ್ಕೆ ಇದಕ್ಕಿಂತ ದೊಡ್ಡ ಅರ್ಹತೆ ಬೇಕಿಲ್ಲ. ಚಿತ್ರದಲ್ಲಿರುವವರು ಬೇಖಬರ್ ಆಗಿರಬೇಕು, ಕ್ಯಾಮೆರಾ ಇದೆಯೆಂಬ ಎಚ್ಚರವೇ ಅವರಿಗಿರಬಾರದು, ಆಗಲೇ ಅದು ಸಹಜ, ಆಗಲೇ ಅದು ಸತ್ಯ ಎಂಬುದು ಅವರ ವಾದ. ಹಾಗಾದರೆ ಖಾಲಾರ ಚಿತ್ರ ಸತ್ಯವೇ? ಈ ಪ್ರಶ್ನೆಯ ಬೆನ್ನು ಹತ್ತಿ ನಾವು ಬೀದಿ ಛಾಯಾಗ್ರಹಣದ ಚರಿತ್ರೆಯನ್ನು ಓದುತ್ತ ಹೋದೆವು. ಓದಿದಷ್ಟೂ ಈ 'ಸಹಜ' ಎಂಬ ಮಾತು ನಾವು ತಿಳಿದಷ್ಟು ಸರಳವಾದುದಲ್ಲ ಎನಿಸಿತು.

ಈ ಚರಿತ್ರೆಯ ಮೊದಲ ಪುಟದಲ್ಲೇ ಒಂದು ಸೋಜಿಗವಿದೆ. 1838ರಲ್ಲಿ ಲೂಯಿ ದಾಗೇರ್ ಪ್ಯಾರಿಸಿನ ಒಂದು ದೊಡ್ಡ ಬೀದಿಯನ್ನು ಎತ್ತರದ ಕಿಟಕಿಯಿಂದ ಚಿತ್ರಿಸಿದರು. ಹಗಲು ಹೊತ್ತು; ಬೀದಿಯಲ್ಲಿ ಜನ, ಗಾಡಿ, ಕುದುರೆ ಎಲ್ಲವೂ ಓಡಾಡುತ್ತಿದ್ದವು. ಆದರೆ ಚಿತ್ರದಲ್ಲಿ ಬೀದಿ ಬಿಕೋ ಎನ್ನುತ್ತಿದೆ. ಆ ಕಾಲದ ತಟ್ಟೆಯ ಮೇಲೆ ಬಿಂಬ ಮೂಡಲು ಹಲವು ನಿಮಿಷ ಬೇಕಾಗುತ್ತಿತ್ತಾದ್ದರಿಂದ ನಡೆಯುವ ಯಾವುದೂ ಅದರಲ್ಲಿ ನಿಲ್ಲಲಿಲ್ಲ. ಉಳಿದದ್ದು ಬೂಟು ಪಾಲಿಶ್ ಮಾಡಿಸಿಕೊಳ್ಳಲು ಕಾಲು ಮುಂದಿಟ್ಟು ನಿಂತಿದ್ದ ಒಬ್ಬ ಮನುಷ್ಯ ಮತ್ತು ಅವನ ಕಾಲ ಬಳಿ ಮಸುಕಾಗಿ ಕಾಣುವ, ಪಾಲಿಶ್ ಮಾಡುವವನ ಆಕಾರ. ಫೋಟೊದಲ್ಲಿ ಸೆರೆಸಿಕ್ಕ ಮೊದಲ ಮನುಷ್ಯರು ಇವರೇ ಎನ್ನುತ್ತಾರೆ. ತಮ್ಮ ಚಿತ್ರ ತೆಗೆಯಲಾಗುತ್ತಿದೆ ಎಂದು ಇಬ್ಬರಿಗೂ ಗೊತ್ತಿರಲಿಲ್ಲ. ಚಿತ್ರದಲ್ಲಿ ಸುಳ್ಳಿಲ್ಲ, ಆದರೆ ಬೀದಿಯ ಸತ್ಯವೂ ಇಲ್ಲ. ಸದ್ದುಗದ್ದಲದ ಬೀದಿಯೊಂದು ನಿರ್ಜನವಾಗಿ ಕಾಣುತ್ತದೆ. ಕ್ಯಾಮೆರಾ ಏನನ್ನು ನೋಡಬಲ್ಲದೋ ಅಷ್ಟನ್ನೇ ಹೇಳುತ್ತದೆ ಎಂಬ ಪಾಠ ಅಂದೇ ಸಿಕ್ಕಿತ್ತು.

ನಮ್ಮ ದೇಶಕ್ಕೆ ಕ್ಯಾಮೆರಾ ಬೇಗನೇ ಬಂತು. ಆಳುವವರ ಕೈಯಲ್ಲಿ ಅದು ಏನೇನು ಮಾಡಿತು ಎಂಬುದಕ್ಕೆ ಎರಡು ಉದಾಹರಣೆ ಸಾಕು. 1857ರ ನವೆಂಬರಿನಲ್ಲಿ ಲಕ್ನೋದ ಸಿಕಂದರ್ ಬಾಗ್‌ನಲ್ಲಿ ಬ್ರಿಟಿಷ್ ಪಡೆಗಳು ಸುಮಾರು 2000 ಭಾರತೀಯ ಸಿಪಾಯಿಗಳನ್ನು ಕೊಂದವು. ಫೆಲಿಚೆ ಬಿಯಾಟೊ ಎಂಬ ಛಾಯಾಗ್ರಾಹಕ ಅಲ್ಲಿಗೆ ತಲುಪಿದ್ದು ಕೆಲವು ತಿಂಗಳ ನಂತರ, 1858ರಲ್ಲಿ. ಆತನ ಪ್ರಸಿದ್ಧ ಚಿತ್ರದಲ್ಲಿ ಪಾಳುಬಿದ್ದ ಕಟ್ಟಡದ ಅಂಗಳದ ತುಂಬ ಎಲುಬು, ತಲೆಬುರುಡೆಗಳು ಹರಡಿವೆ. ಆ ಎಲುಬುಗಳನ್ನು ಚಿತ್ರಕ್ಕೆಂದೇ ಹಾಗೆ ಹರಡಿಸಲಾಗಿತ್ತು ಎಂಬುದು ಹಲವು ಇತಿಹಾಸಕಾರರ ಅಭಿಪ್ರಾಯ. ಹತ್ಯೆ ನಡೆದದ್ದು ನಿಜ, ದೃಶ್ಯ ಮಾತ್ರ ಜೋಡಿಸಿದ್ದು. ಸತ್ತ ಮೇಲೂ ಆ ಸಿಪಾಯಿಗಳು ಗೆದ್ದವರ ಚಿತ್ರಕ್ಕಾಗಿ ಮತ್ತೊಮ್ಮೆ ಅಂಗಳಕ್ಕೆ ಬರಬೇಕಾಯಿತು. ಎರಡನೆಯದು, 1868ರಿಂದ 1875ರವರೆಗೆ ಲಂಡನ್ನಿನಲ್ಲಿ ಎಂಟು ಸಂಪುಟಗಳಲ್ಲಿ ಪ್ರಕಟವಾದ 'ದಿ ಪೀಪಲ್ ಆಫ್ ಇಂಡಿಯಾ'. ಅದರಲ್ಲಿರುವ 400ಕ್ಕೂ ಹೆಚ್ಚು ಚಿತ್ರಗಳಲ್ಲಿ ನಿಂತವರು, ಕುಳಿತವರು ಎಲ್ಲರೂ ನಿಜವಾದ ಮನುಷ್ಯರು. ಆದರೆ ಚಿತ್ರದ ಜೊತೆಗಿನ ಬರಹ ಅವರನ್ನು ಒಂದೊಂದು ಜಾತಿಯ, ಒಂದೊಂದು ಮತದ ಮಾದರಿಗಳನ್ನಾಗಿ ಮಾಡಿತು. ಇವರು ನಂಬಿಕಸ್ಥರು, ಅವರು ಪುಂಡರು ಎಂಬ ಷರಾ ಬೇರೆ. ಆ ಮನುಷ್ಯರು ಆ ಬರಹವನ್ನು ಓದಲಿಲ್ಲ, ಓದುವ ಅವಕಾಶವೂ ಅವರಿಗಿರಲಿಲ್ಲ. ಖಾಲಾರ ಚಿತ್ರದ ವಂಶವೃಕ್ಷ ಇಲ್ಲಿಂದಲೇ ಶುರುವಾಗುತ್ತದೆ.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಕ್ಯಾಮೆರಾ ಕೈಯಲ್ಲಿ ಹಿಡಿಯುವಷ್ಟು ಚಿಕ್ಕದಾಯಿತು. 1888ರಲ್ಲಿ ಕೊಡಾಕ್ ಬಂತು. ಪಾರ್ಸೆಲ್ಲಿನ ಹಾಗೆ, ಪುಸ್ತಕದ ಹಾಗೆ ಕಾಣುವ 'ಪತ್ತೇದಾರಿ ಕ್ಯಾಮೆರಾ'ಗಳೂ ಮಾರುಕಟ್ಟೆಗೆ ಬಂದವು. ಹೆಸರೇ ಹೇಳುವಂತೆ ಅವು ಕದ್ದು ನೋಡುವ ಕಣ್ಣುಗಳು. 1916ರಲ್ಲಿ ಪಾಲ್ ಸ್ಟ್ರಾಂಡ್ ನ್ಯೂಯಾರ್ಕಿನ ಬೀದಿಯ ಜನರ ಮುಖಗಳನ್ನು ಹತ್ತಿರದಿಂದ ತೆಗೆಯಲು ಒಂದು ಉಪಾಯ ಮಾಡಿದರು. ತಾವು ಬೇರೆ ದಿಕ್ಕಿಗೆ ನೋಡುತ್ತಿರುವಂತೆ ಕಾಣಲೆಂದು ಕ್ಯಾಮೆರಾಕ್ಕೆ ಹುಸಿ ಲೆನ್ಸೊಂದನ್ನು ಜೋಡಿಸಿದರು. ಆ ಸರಣಿಯಲ್ಲಿ ಎಲ್ಲಕ್ಕಿಂತ ಹೆಸರಾದ ಚಿತ್ರ ಕೊರಳಿಗೆ 'ಅಂಧೆ' ಎಂಬ ಫಲಕ ತೂಗುಹಾಕಿಕೊಂಡ ಬಡ ಹೆಂಗಸಿನದು. ಆಕೆಗೆ ನಿಜ ಲೆನ್ಸೂ ಕಾಣುವಂತಿರಲಿಲ್ಲ, ಹುಸಿ ಲೆನ್ಸೂ ಕಾಣುವಂತಿರಲಿಲ್ಲ. ಆ ಚಿತ್ರ ಬಡತನದ ಬಗ್ಗೆ ನೂರು ಭಾಷಣ ಹೇಳದ್ದನ್ನು ಹೇಳುತ್ತದೆ, ಒಪ್ಪೋಣ. ಆದರೆ ನೋಡಲಾಗದವಳನ್ನು ನೋಡಿ ತೆಗೆದ ಚಿತ್ರವನ್ನು ಗೋಡೆಗೆ ತೂಗುಹಾಕಿ ಮೆಚ್ಚುವಾಗ ನಮ್ಮೊಳಗೆ ಏನೋ ಒಂದು ತಡವರಿಸುತ್ತದೆ.

ಈ ತಡವರಿಕೆಯನ್ನು ಸ್ವತಃ ಅನುಭವಿಸಿದವರು ವಾಕರ್ ಇವಾನ್ಸ್. 1938ರಿಂದ 1941ರವರೆಗೆ ಅವರು ನ್ಯೂಯಾರ್ಕಿನ ನೆಲದಡಿಯ ರೈಲಿನಲ್ಲಿ ಕ್ಯಾಮೆರಾವನ್ನು ಕೋಟಿನೊಳಗೆ ಅಡಗಿಸಿ, ಗುಂಡಿಗಳ ನಡುವೆ ಲೆನ್ಸ್ ಇಣುಕಿಸಿ, ತೋಳಿನೊಳಗಿಂದ ತಂತಿ ಎಳೆದುಕೊಂಡು ಎದುರು ಸೀಟಿನವರ ಚಿತ್ರ ತೆಗೆದರು. ಹೀಗೆ ತೆಗೆದದ್ದು ಸುಮಾರು 600 ಚಿತ್ರಗಳು. ದಣಿದು ಮನೆಗೆ ಹೋಗುವವರು, ತೂಕಡಿಸುವವರು, ಪತ್ರಿಕೆ ಓದುವವರು ಅವುಗಳಲ್ಲಿದ್ದಾರೆ. ಮನೆಯಲ್ಲಿ ಕನ್ನಡಿಯ ಮುಂದೆಯೂ ಮನುಷ್ಯ ಇಷ್ಟು ತಾನಾಗಿರುವುದಿಲ್ಲ. ಆದರೆ ಅವುಗಳನ್ನು ಪುಸ್ತಕವಾಗಿ ತರಲು ಇವಾನ್ಸ್ 1966ರವರೆಗೆ ಕಾದರು. ತಮ್ಮನ್ನು ಅವರು ಕರೆದುಕೊಂಡದ್ದು ಪಶ್ಚಾತ್ತಾಪಪಟ್ಟ ಗೂಢಚಾರ ಎಂಬರ್ಥದಲ್ಲಿ. ಗುಟ್ಟಾಗಿ ಪಡೆದದ್ದಕ್ಕೆ ಒಂದು ಋಣ ಇದೆಯೆಂದು ಅವರಿಗೆ ತಿಳಿದಿತ್ತು. ಕಾಲು ಶತಮಾನದ ಕಾಯುವಿಕೆಯೇ ಆ ಋಣಕ್ಕೆ ಅವರು ಕಟ್ಟಿದ ಬಡ್ಡಿಯಂತಿದೆ.

ಬೀದಿ ಛಾಯಾಗ್ರಹಣ ಎಂದಾಗ ಎಲ್ಲರೂ ಮೊದಲು ಹೇಳುವ ಹೆಸರು ಹೆನ್ರಿ ಕಾರ್ಟಿಯೆ ಬ್ರೆಸಾನ್ ಅವರದು (1908-2004). ಕೈಯಲ್ಲಿ ಪುಟ್ಟ ಲೈಕಾ, ಅದರ ಹೊಳಪು ಕಾಣದಿರಲೆಂದು ಕಪ್ಪು ಟೇಪು, ಫ್ಲಾಷ್ ಇಲ್ಲ, ಯಾರಿಗೂ 'ಹೀಗೆ ನಿಲ್ಲಿ' ಎಂಬ ಮಾತಿಲ್ಲ. 1952ರಲ್ಲಿ ಬಂದ ಅವರ ಪುಸ್ತಕದ ಇಂಗ್ಲಿಷ್ ಹೆಸರು 'ನಿರ್ಣಾಯಕ ಕ್ಷಣ' ಎಂಬ ಅರ್ಥದ್ದಾದರೆ, ಮೂಲ ಫ್ರೆಂಚ್ ಹೆಸರಿನಲ್ಲಿ ಅವಸರದಲ್ಲಿ, ಕದ್ದುಮುಚ್ಚಿ ಪಡೆದ ಚಿತ್ರಗಳು ಎಂಬ ಧ್ವನಿಯಿದೆ. ಇಂಗ್ಲಿಷಿಗೆ ಬರುವಾಗ ಕಳವು ತತ್ವವಾಯಿತು. ಇವರು 1948ರಲ್ಲಿ ಶ್ರೀನಗರದ ಹರಿ ಪರ್ಬತ್ ಬೆಟ್ಟದ ಮೇಲೆ ತೆಗೆದ ಚಿತ್ರವೊಂದಿದೆ. ನಾಲ್ವರು ಮುಸ್ಲಿಂ ಹೆಂಗಸರು ಕಣಿವೆಯ ಕಡೆಗೆ ಮುಖ ಮಾಡಿದ್ದಾರೆ, ಅವರಲ್ಲೊಬ್ಬಾಕೆ ಎರಡೂ ಅಂಗೈ ಚಾಚಿದ್ದಾಳೆ. ಅವರ ಬೆನ್ನು ಮಾತ್ರ ನಮಗೆ ಕಾಣುತ್ತದೆ. ಇಲ್ಲಿಯೂ ಮುಖವಿಲ್ಲ, ಖಾಲಾರ ಚಿತ್ರದಲ್ಲೂ ಇರಲಿಲ್ಲ. ಆದರೆ ಅಂತರ ಎಷ್ಟು! ಕಾಶ್ಮೀರದ ಆ ಹೆಂಗಸರನ್ನು ನಾವು ದಿಟ್ಟಿಸುವುದಿಲ್ಲ. ಅವರ ಹಿಂದೆ ನಿಂತು ಅವರು ನೋಡುತ್ತಿರುವ ಆಕಾಶವನ್ನೇ ನಾವೂ ನೋಡುತ್ತೇವೆ. ಅವರ ದುಆದಲ್ಲಿ ನಮಗೂ ಒಂದು ಸಫ್ಫಿನಷ್ಟು ಜಾಗ ಸಿಗುತ್ತದೆ. ಇನ್ನೊಂದು ಮಾತು. ಜಗತ್ತಿನ ಮುಖಗಳನ್ನೆಲ್ಲ ಹಿಡಿದ ಈ ಮಹನೀಯರಿಗೆ ತಮ್ಮ ಫೋಟೊ ತೆಗೆಯುವವರನ್ನು ಕಂಡರೆ ಆಗುತ್ತಿರಲಿಲ್ಲ. ತನಗೆ ಬೇಡವಾದದ್ದು ಇತರರಿಗೂ ಬೇಡವಾಗಿರಬಹುದು ಎಂಬ ಪ್ರಶ್ನೆಯನ್ನು ಅವರ ಬದುಕೇ ಕೇಳುತ್ತದೆ.

ಇದಕ್ಕೆ ಎದುರಾಗಿ ಪ್ಯಾರಿಸಿನದೇ ಇನ್ನೊಂದು ಕಥೆ ಇದೆ. 1950ರಲ್ಲಿ 'ಲೈಫ್' ಪತ್ರಿಕೆಗಾಗಿ ರೊಬೇರ್ ದುವಾನೊ ತೆಗೆದ ಚಿತ್ರದಲ್ಲಿ, ಪುರಸಭಾ ಭವನದ ಮುಂದಿನ ಜನಜಂಗುಳಿಯಲ್ಲಿ ಒಬ್ಬ ಯುವಕ ತನ್ನ ಪ್ರೇಯಸಿಯನ್ನು ಚುಂಬಿಸುತ್ತಿದ್ದಾನೆ. 1986ರಲ್ಲಿ ಅದು ಭಿತ್ತಿಚಿತ್ರವಾಗಿ ಬಂದು ಲಕ್ಷಗಟ್ಟಲೆ ಮಾರಾಟವಾಯಿತು. ಬೀದಿಯಲ್ಲಿ ಆಕಸ್ಮಿಕವಾಗಿ ಸಿಕ್ಕ ಪ್ರೇಮ ಎಂದು ಜನ ನಂಬಿದರು. ಆ ಜೋಡಿ ನಾವೇ ಎಂದು ದಂಪತಿಗಳೊಬ್ಬರು ಕೋರ್ಟಿಗೆ ಹೋದಾಗ, 1993ರಲ್ಲಿ ದುವಾನೊ ನಿಜ ಹೇಳಬೇಕಾಯಿತು. ಚಿತ್ರದಲ್ಲಿದ್ದವರು ನಟನೆ ಕಲಿಯುತ್ತಿದ್ದ ಇಬ್ಬರು ವಿದ್ಯಾರ್ಥಿಗಳು. ಅವರು ನಿಜಕ್ಕೂ ಪ್ರೇಮಿಗಳೇ ಆಗಿದ್ದರು, ಆದರೆ ಚಿತ್ರಕ್ಕಾಗಿ ಚುಂಬಿಸುವಂತೆ ಛಾಯಾಗ್ರಾಹಕನೇ ಕೇಳಿಕೊಂಡಿದ್ದ. ದಾವೆ ವಜಾ ಆಯಿತು. ಅಭಿಮಾನಿಗಳಿಗೆ ಮೋಸಹೋದಂತಾಯಿತು. ಆದರೆ ದುವಾನೊ ಕೊಟ್ಟ ಕಾರಣವನ್ನು ಕೇಳಬೇಕು. ಬೀದಿಯಲ್ಲಿ ಚುಂಬಿಸುವವರನ್ನು ಅವರಿಗೆ ಹೇಳದೆ ತೆಗೆಯುವ ಧೈರ್ಯ ತನಗಿರಲಿಲ್ಲ, ಅಂಥವರು ಗಂಡಹೆಂಡಿರಾಗಿರುವುದು ಅಪರೂಪ ಎಂಬರ್ಥದ ಮಾತನ್ನು ಅವರು ಆಡಿದರು. ಅಂದರೆ ಅಪರಿಚಿತರ ಮಾನ ಕಾಯಲು ಅವರು ಪೋಸಿನ ಮೊರೆಹೋದರು. ನೋಡುಗರಿಗೆ ಅದನ್ನು ಹೇಳದೆ ಉಳಿದದ್ದು ಅವರ ತಪ್ಪು. ಚಿತ್ರದಲ್ಲಿದ್ದವರ ಮಟ್ಟಿಗೆ ಮಾತ್ರ ಅವರು ಕಳ್ಳನಲ್ಲ.

ನಮ್ಮ ಕರಾವಳಿಯ ಓದುಗರಿಗೆ ದುವಾನೊರ ಅಳುಕು ಬೇಗ ಅರ್ಥವಾದೀತು. ಬೇರೆ ಬೇರೆ ಧರ್ಮದ ಹುಡುಗ ಹುಡುಗಿ ಒಂದೇ ಬಸ್ಸಿನಲ್ಲಿ ಕುಳಿತದ್ದಕ್ಕೆ, ಒಟ್ಟಿಗೆ ಐಸ್‌ಕ್ರೀಂ ತಿಂದದ್ದಕ್ಕೆ ತಡೆದು ನಿಲ್ಲಿಸಿ, ಮೊಬೈಲಿನಲ್ಲಿ ಚಿತ್ರೀಕರಿಸಿ ಊರೆಲ್ಲ ಹಂಚುವ ನೈತಿಕ ಪೊಲೀಸ್‌ಗಿರಿಯನ್ನು ನಾವು ಕಂಡಿದ್ದೇವೆ. ಎರಡೂ ಕಡೆಯ ಹುಡುಗರು ಈ ಕೆಲಸ ಮಾಡಿದ್ದಾರೆ, ನಮ್ಮವರನ್ನು ಬಿಟ್ಟು ಮಾತಾಡುವುದು ಬೇಡ. ಆ ದೃಶ್ಯಗಳೂ 'ಸಹಜ'ವೇ. ಆ ಹುಡುಗಿಯ ಅಳು ನಟನೆಯಲ್ಲ.

ಹಾಗೆಂದು ಪೋಸು ಕೊಡಿಸುವುದೇ ಮೇಲು ಎಂದೂ ಹೇಳುವಂತಿಲ್ಲ. 1947ರ ದೇಶವಿಭಜನೆಯ ಸಮಯದಲ್ಲಿ 'ಲೈಫ್' ಪತ್ರಿಕೆಯ ಮಾರ್ಗರೆಟ್ ಬರ್ಕ್ ವೈಟ್ ಪಂಜಾಬಿನ ನಿರಾಶ್ರಿತರ ಸಾಲುಗಳ ಚಿತ್ರ ತೆಗೆದರು. ವಿಭಜನೆ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವ ಚಿತ್ರಗಳಲ್ಲಿ ಹಲವು ಅವರವೇ. ಅವರ ಜೊತೆಗಿದ್ದ ವರದಿಗಾರ್ತಿ ಲೀ ಐಟಿಂಗನ್ ಮುಂದೆ ನೆನಪಿಸಿಕೊಂಡ ಪ್ರಕಾರ, ಮನಸ್ಸಿಗೆ ಬೇಕಾದ ಚಿತ್ರ ಸಿಗುವವರೆಗೂ ಆ ನಿರಾಶ್ರಿತರನ್ನು ಹಿಂದಕ್ಕೆ ಹೋಗಿ ಮತ್ತೆ ನಡೆದು ಬನ್ನಿ ಎಂದು ಹೇಳಲಾಗುತ್ತಿತ್ತು. ಜೀವ ಕೈಯಲ್ಲಿ ಹಿಡಿದವರಿಗೆ ಆಗುವುದಿಲ್ಲ ಎನ್ನುವ ಧೈರ್ಯವೂ ಇರಲಿಲ್ಲ. ದುವಾನೊರ ವಿದ್ಯಾರ್ಥಿಗಳು ಒಪ್ಪಿ ನಿಂತವರು, ಇವರು ಹೆದರಿ ನಡೆದವರು. ಎರಡೂ ಪೋಸೇ ಆದರೂ ಒಂದೇ ಅಲ್ಲ.

ಇವೆರಡರ ನಡುವೆ ಒಂದು ದಾರಿ ಇದೆಯೆಂದು ತೋರಿಸಿದವರು ನಮ್ಮ ಮೈಸೂರಿನ ಟಿ.ಎಸ್. ಸತ್ಯನ್ (1923-2009). ಪತ್ರಿಕೆಗಳಿಗಾಗಿ, ಯುನಿಸೆಫ್‌ಗಾಗಿ, ವಿಶ್ವ ಆರೋಗ್ಯ ಸಂಸ್ಥೆಯ ಸಿಡುಬು ನಿರ್ಮೂಲನೆಯ ಕೆಲಸಕ್ಕಾಗಿ ದೇಶವನ್ನೆಲ್ಲ ಸುತ್ತಿದ ಅವರ ಚಿತ್ರಗಳಲ್ಲಿ ಇರುವವರು ಬಹುಪಾಲು ಸಾಮಾನ್ಯ ಜನ, ಅದರಲ್ಲೂ ಮಕ್ಕಳು. 1979ರ ಅಂತಾರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಆ ಮಕ್ಕಳ ಚಿತ್ರಗಳು ವಿಶ್ವಸಂಸ್ಥೆಯಲ್ಲಿ ಪ್ರದರ್ಶನ ಕಂಡವು. ಅವರ ಕ್ಯಾಮೆರಾ ಬಡವರನ್ನು ಕಂಡಿದೆ, ಆದರೆ ಬಡತನವನ್ನು ತಮಾಷೆ ಮಾಡಿಲ್ಲ, ಹರಾಜಿಗೂ ಇಟ್ಟಿಲ್ಲ. ಮಾತನಾಡಿಸಿ ತೆಗೆದರೆ ಸಹಜತೆ ಕೆಡುತ್ತದೆ ಎನ್ನುವವರು ಒಮ್ಮೆ ಸತ್ಯನ್ ಅವರ ಮಕ್ಕಳ ನಗುವನ್ನು ನೋಡಬೇಕು.

ಕಾನೂನು ಈ ವಿಷಯದಲ್ಲಿ ಏನು ಹೇಳುತ್ತದೆ? ನ್ಯೂಯಾರ್ಕಿನ ಒಂದು ಪ್ರಕರಣ ನಮ್ಮ ಓದುಗರಿಗೆ ಮುಖ್ಯ. 1999ರಿಂದ 2001ರವರೆಗೆ ಫಿಲಿಪ್ ಲೋರ್ಕಾ ಡಿ ಕಾರ್ಸಿಯ ಎಂಬ ಛಾಯಾಗ್ರಾಹಕ ಟೈಮ್ಸ್ ಸ್ಕ್ವೇರ್ ಬೀದಿಯ ಮೇಲೆ ಫ್ಲಾಷ್ ದೀಪ ಕಟ್ಟಿ, ದೂರದಲ್ಲಿ ನಿಂತು, ಹಾದುಹೋಗುವವರ ಮುಖಗಳನ್ನು ತೆಗೆದರು. ಅವುಗಳಲ್ಲೊಂದು ಬಿಳಿಗಡ್ಡದ, ಕಪ್ಪು ಟೊಪ್ಪಿಯ ಯಹೂದಿ ವೃದ್ಧರದು. ಗ್ಯಾಲರಿಯಲ್ಲಿ ಆ ಚಿತ್ರದ ಒಂದೊಂದು ಪ್ರತಿ 20,000 ಡಾಲರಿಗೂ ಹೆಚ್ಚಿಗೆ ಮಾರಾಟವಾಯಿತು. ವರ್ಷಗಳ ನಂತರ ವಿಷಯ ತಿಳಿದ ಆ ವೃದ್ಧರು ಕೋರ್ಟಿಗೆ ಹೋದರು. ತನ್ನ ಪ್ರತಿಮೆ ಮಾಡಿಸಿಕೊಳ್ಳುವುದು ತನ್ನ ಧರ್ಮಕ್ಕೆ ವಿರುದ್ಧ ಎಂಬುದು ಅವರ ಅಳಲು. 2006ರಲ್ಲಿ ನ್ಯಾಯಾಲಯ ದಾವೆಯನ್ನು ವಜಾ ಮಾಡಿತು. ಇದು ಕಲೆ, ಕಲೆಗೆ ಸ್ವಾತಂತ್ರ್ಯವಿದೆ, ಮುಕ್ತ ಸಮಾಜದಲ್ಲಿ ಬದುಕುವವರು ಇಂಥ ನೋವನ್ನು ಬೆಲೆಯಾಗಿ ತೆರಬೇಕಾಗುತ್ತದೆ ಎಂಬುದು ತೀರ್ಪಿನ ಸಾರಾಂಶ. ಮೇಲ್ಮನವಿಯೂ 2007ರಲ್ಲಿ ಬಿದ್ದುಹೋಯಿತು. ತೀರ್ಪು ತಪ್ಪೆಂದು ನಾವು ಹೇಳುವುದಿಲ್ಲ. ಪ್ರತಿ ಮುಖಕ್ಕೂ ಒಪ್ಪಿಗೆ ಪತ್ರ ಬೇಕೆಂದರೆ ದಂಗೆಯ, ಲಾಠಿಚಾರ್ಜಿನ ಒಂದು ಚಿತ್ರವೂ ಹೊರಬರುವುದಿಲ್ಲ. ಅದರಿಂದ ಲಾಭ ಲಾಠಿ ಹಿಡಿದವರಿಗೇ. ಆದರೆ ಕಾನೂನು ಬಿಟ್ಟುಕೊಟ್ಟದ್ದನ್ನೆಲ್ಲ ಮನಸ್ಸಾಕ್ಷಿಯೂ ಬಿಟ್ಟುಕೊಡಬೇಕಿಲ್ಲ.

ಮುಸ್ಲಿಮರಲ್ಲೂ ತಸ್ವೀರಿನ ಚರ್ಚೆ ಹಳೆಯದು. ಈಜಿಪ್ಟಿನ ಮುಫ್ತಿಯಾಗಿದ್ದ ಮುಹಮ್ಮದ್ ಬಖೀತ್ ಅಲ್ ಮುತೀಈ ಅವರು ಫೋಟೊ ಎಂಬುದು ಹೊಸ ಸೃಷ್ಟಿಯಲ್ಲ, ಇರುವ ನೆರಳನ್ನು ಹಿಡಿದಿಡುವುದಷ್ಟೇ, ಆದ್ದರಿಂದ ಅದು ನಿಷಿದ್ಧವಲ್ಲ ಎಂದು ವಾದಿಸಿದ್ದರು. ನಮ್ಮ 'ಛಾಯಾಚಿತ್ರ' ಎಂಬ ಪದವೂ ಅದನ್ನೇ ಹೇಳುತ್ತದೆಯಲ್ಲ! ಆದರೆ ನಮ್ಮ ಚರ್ಚೆಯೆಲ್ಲ ಚಿತ್ರ ಹಲಾಲೋ ಹರಾಮೋ ಎಂಬಲ್ಲಿಗೇ ನಿಂತುಬಿಟ್ಟಿತು. ಆ ನೆರಳು ಯಾರದು, ಅವರನ್ನು ಕೇಳಿದಿರಾ ಎಂಬ ಪ್ರಶ್ನೆಯ ಕಡೆಗೆ ಅದು ಹೊರಳಲಿಲ್ಲ. ಅದಕ್ಕೆ ಬೇಕಾದ ಬೆಳಕು ನಮ್ಮಲ್ಲೇ ಇತ್ತು. ಬುಖಾರಿ ಮತ್ತು ಮುಸ್ಲಿಂ ಎರಡೂ ಸಂಗ್ರಹಗಳಲ್ಲಿರುವ ಹದೀಸೊಂದರ ಪ್ರಕಾರ, ದಾರಿಯಲ್ಲಿ ಕುಳಿತುಕೊಳ್ಳುವುದನ್ನು ಬಿಡಿ ಎಂದು ಪ್ರವಾದಿ ಮುಹಮ್ಮದರು (ಸ) ಸಂಗಡಿಗರಿಗೆ ಹೇಳಿದರು. ಕೂತು ಮಾತಾಡಲು ನಮಗೆ ಬೇರೆ ಜಾಗವಿಲ್ಲ ಎಂದು ಅವರೆಂದಾಗ, ಹಾಗಿದ್ದರೆ ದಾರಿಗೆ ಅದರ ಹಕ್ಕನ್ನು ಕೊಡಿ ಎಂದರು. ಏನದು ಹಕ್ಕು? ದೃಷ್ಟಿ ತಗ್ಗಿಸುವುದು, ಯಾರಿಗೂ ತೊಂದರೆ ಕೊಡದಿರುವುದು, ಸಲಾಮಿಗೆ ಉತ್ತರ ಹೇಳುವುದು, ಒಳಿತನ್ನು ಬೋಧಿಸಿ ಕೆಡುಕನ್ನು ತಡೆಯುವುದು. ಬೀದಿಯ ಛಾಯಾಗ್ರಾಹಕನೂ ದಾರಿಯಲ್ಲಿ ಕುಳಿತವನೇ. ನೋಡುವುದೇ ಅವನ ಕಸುಬು. ಹಾಗಾಗಿ ಅವನಿಗೆ ಈ ನಾಲ್ಕೂ ಇನ್ನಷ್ಟು ಅನ್ವಯಿಸುತ್ತವೆ. ಗಮನಿಸಿ, ಕೆಡುಕನ್ನು ತಡೆಯುವುದೂ ಅದರಲ್ಲಿದೆ. ಕೆಲವೊಮ್ಮೆ ದೃಷ್ಟಿ ತಗ್ಗಿಸುವುದು ಧರ್ಮ, ಕೆಲವೊಮ್ಮೆ ನೆಟ್ಟ ದೃಷ್ಟಿಯಿಂದ ನೋಡಿ ಜಗತ್ತಿಗೆ ತೋರಿಸುವುದು ಧರ್ಮ. ಕನ್ನಡಕ್ಕೆ ಬಂದ 'ಹಕ್ಕು' ಎಂಬ ಪದದ ಮೂಲವಾದ ಅರಬಿಯ 'ಹಕ್' ಎಂಬುದಕ್ಕೆ ಎರಡು ಅರ್ಥ: ಅಧಿಕಾರ ಮತ್ತು ಸತ್ಯ. ಒಂದನ್ನು ಕೊಡದೆ ಇನ್ನೊಂದನ್ನು ಪಡೆಯಲಾಗದು ಎಂದು ಆ ಭಾಷೆಗೆ ಗೊತ್ತಿತ್ತೋ ಏನೋ.

ಇದೆಲ್ಲ ಒಂದೇ ಕಡೆ ಬಂದು ಸೇರಿದ್ದು ಅಹಮದಾಬಾದಿನಲ್ಲಿ. 2002ರ ಮಾರ್ಚ್ 1ರಂದು ರಾಯಿಟರ್ಸ್ ಸಂಸ್ಥೆಯ ಅರ್ಕೊ ದತ್ತಾ ತೆಗೆದ ಚಿತ್ರವನ್ನು ನೋಡದವರಿಲ್ಲ. ಕುತ್ಬುದ್ದೀನ್ ಅನ್ಸಾರಿ ಎಂಬ ದರ್ಜಿ ಕೈಮುಗಿದು, ಕಣ್ಣೀರು ತುಂಬಿಕೊಂಡು, ಪಡೆಯ ಜವಾನರಲ್ಲಿ ಜೀವ ಬೇಡುತ್ತಿದ್ದಾರೆ. ಆ ಚಿತ್ರದಲ್ಲಿ ಜೋಡಿಸಿದ್ದು ಒಂದೂ ಇಲ್ಲ. ಅದು ಕೆಡುಕನ್ನು ಜಗತ್ತಿಗೆ ತೋರಿಸಿತು. ತೆಗೆಯಬಾರದಿತ್ತು ಎನ್ನಲು ನಮಗೆ ಬಾಯಿಲ್ಲ. ಆದರೆ ಆ ಮನುಷ್ಯನ ಬದುಕು? ಹೊಟ್ಟೆಪಾಡಿಗೆ ಮಾಲೆಗಾಂವ್‌ಗೆ ಹೋದರೆ ಅಲ್ಲೂ ಮುಖ ಗುರುತು ಸಿಕ್ಕಿ ಕೆಲಸ ಹೋಯಿತು. 2003ರಲ್ಲಿ ಕೋಲ್ಕತ್ತಕ್ಕೆ ಹೋಗಿ ನೆಲೆಸಬೇಕಾಯಿತು, ಆಮೇಲೆ ಮತ್ತೆ ಅಹಮದಾಬಾದಿಗೆ ಮರಳಿದರು. ಪಕ್ಷಗಳು ಅವರ ಕಣ್ಣೀರನ್ನು ಕೇಳದೆಯೇ ಪ್ರಚಾರಕ್ಕೆ ಬಳಸಿದವು. ಬೇಡ ಎಂದು ಅವರು ಮತ್ತೆ ಮತ್ತೆ ಹೇಳಬೇಕಾಯಿತು. ಒಂದು ಕ್ಷಣದ ಭಯ ಅವರ ಇಡೀ ಬದುಕಿನ ಹೆಸರಾಯಿತು. ಹತ್ತು ವರ್ಷಗಳ ಬಳಿಕ, 2012ರಲ್ಲಿ, ಅರ್ಕೊ ದತ್ತಾ ಅವರನ್ನು ಹುಡುಕಿಕೊಂಡು ಹೋಗಿ ಚಿತ್ರದಿಂದಾದ ಕಷ್ಟಕ್ಕೆ ವಿಷಾದ ಹೇಳಿದರು. ಅನ್ಸಾರಿ ಅವರನ್ನು ದೂರಲಿಲ್ಲ. ಕ್ಯಾಮೆರಾ ಹಿಡಿದವನು ಚಿತ್ರ ಸಿಕ್ಕ ಮೇಲೆ ಮರಳಿ ಹೋಗಿ ಆ ಮನೆಯ ಬಾಗಿಲು ತಟ್ಟಿದ್ದು ಸಣ್ಣ ಮಾತಲ್ಲ.

ಅದೇ ದಿನಗಳ ಇನ್ನೊಂದು ಚಿತ್ರ ಸೆಬಾಸ್ಟಿಯನ್ ಡಿಸೋಜಾ ಅವರದು. ಹಣೆಗೆ ಕೇಸರಿ ಪಟ್ಟಿ, ಕೈಯಲ್ಲಿ ಕಬ್ಬಿಣದ ಸಲಾಕೆ, ಹಿಂದೆ ಬೆಂಕಿ, ಮೇಲೆತ್ತಿದ ತೋಳುಗಳು. ಆತ ಅಶೋಕ್ ಮೋಚಿ, ಬೀದಿಬದಿಯಲ್ಲಿ ಚಪ್ಪಲಿ ಹೊಲಿಯುವ ದಲಿತ. ತಾನು ದೊಂಬಿಯಲ್ಲಿ ಭಾಗಿಯಾಗಿರಲಿಲ್ಲ ಎಂದು ಆತ ಹೇಳುತ್ತ ಬಂದರು, ನಡೆದದ್ದಕ್ಕೆ ದುಃಖವನ್ನೂ ವ್ಯಕ್ತಪಡಿಸಿದರು. ಆ ಚಿತ್ರದ ಬಲದಿಂದ ಮೇಲೇರಿದವರು ಬೇರೆ, ಆತ ಫುಟ್‌ಪಾತಿನಲ್ಲೇ ಉಳಿದರು. 2014ರಲ್ಲಿ ಕೇರಳದ ಕಣ್ಣೂರು ಜಿಲ್ಲೆಯ ಸಭೆಯೊಂದರಲ್ಲಿ ಈ ಎರಡು ಮುಖಗಳೂ ಒಂದೇ ವೇದಿಕೆಯಲ್ಲಿ ಕುಳಿತವು. 2019ರ ಸೆಪ್ಟೆಂಬರಿನಲ್ಲಿ ಅಶೋಕ್ ಅಹಮದಾಬಾದಿನಲ್ಲಿ ಒಂದು ಪುಟ್ಟ ಚಪ್ಪಲಿ ಅಂಗಡಿ ತೆರೆದರು. ಹೆಸರು ಏಕತಾ. ಉದ್ಘಾಟಿಸಿದವರು ಕುತ್ಬುದ್ದೀನ್ ಅನ್ಸಾರಿ.

ಆ ದಿನದ ಫೋಟೊ ಪತ್ರಿಕೆಗಳಲ್ಲಿ ಬಂತು. ಅದರಲ್ಲಿ ಕಲೆ ಎನ್ನುವಂಥದ್ದೇನೂ ಇಲ್ಲ. ಮದುವೆಮನೆಯ ಗುಂಪು ಫೋಟೊದ ಹಾಗೆ ಕ್ಯಾಮೆರಾಕ್ಕೆಂದೇ ನಿಂತ ಚಿತ್ರ. ಬೀದಿ ಛಾಯಾಗ್ರಹಣದ ಪಂಡಿತರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಾರರು. ಆದರೆ 2002ರ ಎರಡು ಚಿತ್ರಗಳು ಹೇಳಲಾಗದ ಒಂದು ಸತ್ಯ ಅದರಲ್ಲಿದೆ. ಒಬ್ಬ ಬರಿಯ ಕಣ್ಣೀರಲ್ಲ, ಇನ್ನೊಬ್ಬ ಬರಿಯ ಕ್ರೋಧವಲ್ಲ ಎಂಬ ಸತ್ಯ. ಅವರಿಬ್ಬರೂ ತಾವು ಹೇಗೆ ಕಾಣಬೇಕೆಂದು ತಾವೇ ನಿರ್ಧರಿಸಿ ನಿಂತ ಚಿತ್ರ ಅದು.

ಇಂದು ಎಲ್ಲರ ಜೇಬಿನಲ್ಲೂ ಕ್ಯಾಮೆರಾ ಇದೆ. ಇವಾನ್ಸರಂತೆ ಕೋಟಿನೊಳಗೆ ಅಡಗಿಸುವ ಕಷ್ಟ ಯಾರಿಗೂ ಇಲ್ಲ. ಹಾಗಾಗಿ ಇದು ಛಾಯಾಗ್ರಾಹಕರ ಪ್ರಶ್ನೆಯಾಗಿ ಉಳಿದಿಲ್ಲ, ನಮ್ಮೆಲ್ಲರದೂ ಆಗಿದೆ. ಪ್ರತಿ ಸಲ ಕೇಳಿಯೇ ತೆಗೆಯಲಾಗದು ನಿಜ. ತೆಗೆದ ಮೇಲಾದರೂ ಕೇಳಬಹುದು. ಅಡಿಬರಹ ಬರೆಯುವ ಮೊದಲಾದರೂ ಕೇಳಬಹುದು. ಖಾಲಾ ಬಯಸಿದ್ದೂ ಅಷ್ಟೇ.